ಪೂಲ್ ನೀರು ಬೆಳ್ಳಗಾದಾಗ ಬಕೆಟ್ ಹಿಡಿದು ಬರುವವರನ್ನು ಮೊದಲು ತಡೆಯಿರಿ

ಚಿಕ್ಕಬಳ್ಳಾಪುರದ ಸುತ್ತ, ಅದರಲ್ಲೂ ನಂದಿ ಬೆಟ್ಟದ ಬುಡದಲ್ಲಿ, ತೋಟದ ಮನೆ ಕಟ್ಟಿಸುವ ಎಷ್ಟೋ ಜನ ಈಗ ಜೊತೆಗೊಂದು ಸಣ್ಣ ಈಜುಕೊಳವನ್ನೂ ಮಾಡಿಸುತ್ತಿದ್ದಾರೆ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಈ ಬೇಸಿಗೆಯಲ್ಲಿ ನಮ್ಮ ಅಕ್ಕನ ಮನೆಯಲ್ಲಿ ಪೂಲ್ ನೀರು ತಿಳಿ ಮಾಡಲು ಹೋಗಿ, ತೋಟ ನೋಡಿಕೊಳ್ಳುವ ಅಣ್ಣ ಉಸಿರು ಕಟ್ಟಿ ಆಸ್ಪತ್ರೆ ಸೇರಿದರು. ಇನ್ನೊಂದು ಮನೆಯಲ್ಲಿ ಹೀಗೆ ಆಗಬಾರದು.

ಪೂಲ್ ದೊಡ್ಡದೇನಲ್ಲ. ಉದ್ದ 8 ಮೀಟರ್, ಅಗಲ 4 ಮೀಟರ್, ಸರಾಸರಿ ಆಳ 1.2 ಮೀಟರ್. ಅಂದರೆ ಸುಮಾರು 38,000 ಲೀಟರ್ ನೀರು. ತುಂಬಿಸುವುದು ಬೋರ್‌ವೆಲ್‌ನಿಂದ. ನಮ್ಮ ಕಡೆಯ ಬೋರ್ ನೀರು ಎಷ್ಟು ಗಡಸು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ನಲ್ಲಿಯ ಬಾಯಿಗೆ, ಗೀಸರ್ ಕಾಯಿಲ್‌ಗೆ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ ಸುಣ್ಣದ ಅಂಶ ಪೂಲ್ ನೀರಿನಲ್ಲೂ ಕರಗಿರುತ್ತದೆ. ಈ ಒಂದು ವಿಷಯ ನೆನಪಿಟ್ಟುಕೊಳ್ಳಿ. ಮುಂದಿನದೆಲ್ಲ ಇದರ ಸುತ್ತಲೇ ಇದೆ.

ಮಕ್ಕಳಿಗೆ ರಜೆ ಶುರುವಾಗುವ ಹೊತ್ತಿಗೆ ನೀರು ಅಕ್ಕಿ ತೊಳೆದ ನೀರಿನಂತೆ ಆಗಿತ್ತು. ತಿಂಗಳಿಗಿಷ್ಟು ಅಂತ ಹಣ ಪಡೆದು ಪೂಲ್ ನೋಡಿಕೊಳ್ಳುವ ಒಂದು ಸಂಸ್ಥೆಗೆ ಅಕ್ಕ ಫೋನ್ ಮಾಡಿದಳು. ಹೆಸರು ಬೇಡ. ಒಬ್ಬ ಹುಡುಗ ಬೈಕಿನಲ್ಲಿ ಬಂದ. ನೀರನ್ನು ಪರೀಕ್ಷೆ ಮಾಡಲಿಲ್ಲ. ಟೆಸ್ಟ್ ಕಿಟ್ ಅವನ ಚೀಲದಲ್ಲೇ ಇರಲಿಲ್ಲ. ದಡದಲ್ಲಿ ನಿಂತು ನೋಡಿ, "ಕ್ಲೋರಿನ್ ಕಮ್ಮಿ ಆಗಿದೆ ಮೇಡಂ, ಸಂಜೆ ಹಾಕಿದ್ರೆ ಬೆಳಿಗ್ಗೆಗೆ ಕ್ಲಿಯರ್" ಅಂದ. ಐದು ಕೆಜಿ ಬ್ಲೀಚಿಂಗ್ ಪೌಡರ್ ಸುರಿದು ಹೋದ.

ಬೆಳಿಗ್ಗೆ ನೀರು ಇನ್ನೂ ಬೆಳ್ಳಗಾಗಿತ್ತು.

ಯಾಕೆ ಅಂತ ಆಮೇಲೆ ತಿಳಿಯಿತು. ಬ್ಲೀಚಿಂಗ್ ಪೌಡರ್‌ನಲ್ಲಿ ಕ್ಲೋರಿನ್ ಇರುವುದು ಸುಮಾರು ಮೂರನೇ ಒಂದು ಭಾಗ. ಉಳಿದದ್ದರಲ್ಲಿ ಸುಣ್ಣವೇ ಜಾಸ್ತಿ, ಅದು ನೀರಿನಲ್ಲಿ ಪೂರ್ತಿ ಕರಗುವುದಿಲ್ಲ. ಮೊದಲೇ ಗಡಸಾದ ನೀರಿಗೆ ಇನ್ನಷ್ಟು ಸುಣ್ಣ ಬಿತ್ತು. ಜೊತೆಗೆ ಪಿಎಚ್, ಅಂದರೆ ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅಂತ ತೋರಿಸುವ ಅಳತೆ, ಏರಿತು. ಪಿಎಚ್ ಏರಿದಾಗ ನೀರಿನಲ್ಲಿ ಕರಗಿದ್ದ ಕ್ಯಾಲ್ಸಿಯಂ ಸಣ್ಣ ಸಣ್ಣ ಕಣಗಳಾಗಿ ಹೊರಬರುತ್ತದೆ. ನಮಗೆ ಬೆಳ್ಳಗೆ ಕಾಣುವುದು ಅದೇ. ಲೆಕ್ಕ ನೋಡಿ: 38,000 ಲೀಟರ್‌ಗೆ ಐದು ಕೆಜಿ ಅಂದರೆ ಹತ್ತಿರ ಹತ್ತಿರ 40 ಪಿಪಿಎಂ (ಹತ್ತು ಲಕ್ಷ ಭಾಗ ನೀರಿಗೆ 40 ಭಾಗ) ಕ್ಲೋರಿನ್. ಮನೆಯ ಪೂಲ್‌ನಲ್ಲಿ ಸಾಮಾನ್ಯವಾಗಿ ಇರಬೇಕಾದದ್ದು 1ರಿಂದ 3. ಇಷ್ಟು ಹಾಕಿಯೂ ಕೆಲಸ ಪೂರ್ತಿ ಆಗುವುದಿಲ್ಲ. ಪಿಎಚ್ 7.5ರಲ್ಲಿ ಕ್ಲೋರಿನ್‌ನ ಸುಮಾರು ಅರ್ಧ ಭಾಗ ಮಾತ್ರ ಕ್ರಿಮಿ ಕೊಲ್ಲುವ ಚುರುಕಾದ ರೂಪದಲ್ಲಿರುತ್ತದೆ. ಪಿಎಚ್ 8 ದಾಟಿದರೆ ಅದು ಕಾಲು ಭಾಗಕ್ಕಿಂತ ಕೆಳಗೆ ಇಳಿಯುತ್ತದೆ.

ಹುಡುಗ ಮತ್ತೆ ಬಂದ. ಈ ಸಲ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ದ್ರಾಕ್ಷಿ ಬೆಳೆಯುವವರಿಗೆ ಗೊತ್ತು, ಬೋರ್ಡೋ ದ್ರಾವಣಕ್ಕೆ ಸುಣ್ಣದ ಜೊತೆ ಸೇರಿಸುವ ಅದೇ ನೀಲಿ ಹರಳು. ಪಾಚಿ ಕೊಲ್ಲುವುದಕ್ಕೆ ಅದನ್ನು ಬಳಸುವುದುಂಟು. ಆದರೆ ನಮ್ಮ ನೀರು ಹಸಿರಾಗಿರಲೇ ಇಲ್ಲ, ಬೆಳ್ಳಗಿತ್ತು. ಪಿಎಚ್ ಜಾಸ್ತಿ ಇರುವ ಗಡಸು ನೀರಿನಲ್ಲಿ ತಾಮ್ರವೂ ಕಣಗಳಾಗಿ ಬೇರೆಯಾಗುತ್ತದೆ, ಟೈಲ್ಸ್ ಮೇಲೆ ಕಲೆ ಕೂರಿಸುತ್ತದೆ. ಮೆಟ್ಟಿಲುಗಳ ಮೇಲಿನ ಆ ನೀಲಿಹಸಿರು ಕಲೆ ಇನ್ನೂ ಹೋಗಿಲ್ಲ. ಅದರ ಮೇಲೆ ಪಟಿಕವನ್ನೂ ಹಾಕಿದ, ಪಂಪ್ ಓಡುತ್ತಿರುವಾಗಲೇ. ಪಟಿಕ ಕೆಟ್ಟದ್ದಲ್ಲ, ನಮ್ಮ ಅಜ್ಜಿಯರೂ ಕೆಂಪು ನೀರಿಗೆ ಹಾಕಿ ತಿಳಿ ಮಾಡುತ್ತಿದ್ದರು. ಆದರೆ ಪಿಎಚ್ 8 ದಾಟಿದ ನೀರಿನಲ್ಲಿ ಅದು ಸರಿಯಾಗಿ ಕೊಳೆಯನ್ನು ಹಿಡಿದು ತಳಕ್ಕೆ ಇಳಿಸುವುದಿಲ್ಲ. ಇಳಿಯಬೇಕಾದರೆ ನೀರೂ ಅಲುಗಾಡದೆ ನಿಂತಿರಬೇಕು.

ಕೊನೆಗೆ ಬಂದದ್ದು ಪಿಎಚ್ ಇಳಿಸುವ ಆಸಿಡ್. ಇದನ್ನು ದಯವಿಟ್ಟು ನಿಧಾನವಾಗಿ ಓದಿ.

ಪಂಪ್ ರೂಮ್ ನೆಲಮಟ್ಟಕ್ಕಿಂತ ಕೆಳಗಿದೆ. ಹುಡುಗ ಅಲ್ಲೇ ಕೂತು, ಬ್ಲೀಚಿಂಗ್ ಪೌಡರ್ ಕಲಸಿದ್ದ ಬಕೆಟ್‌ಗೇ ಹೈಡ್ರೋಕ್ಲೋರಿಕ್ ಆಸಿಡ್ ಸುರಿದ. ತಳದಲ್ಲಿ ಪುಡಿ ಇನ್ನೂ ಉಳಿದಿತ್ತು. ಬ್ಲೀಚಿಂಗ್‌ಗೆ ಆಸಿಡ್ ತಾಗಿದರೆ ಕ್ಲೋರಿನ್ ಅನಿಲ ಏಳುತ್ತದೆ. ಹಳದಿಹಸಿರು ಬಣ್ಣ, ಮೂಗಿಗೆ ಬಡಿಯುವ ಘಾಟು. ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ಹಾಗಾಗಿ ತಗ್ಗಿನಲ್ಲೇ ನಿಲ್ಲುತ್ತದೆ. ಹುಡುಗ ಮೆಟ್ಟಿಲ ಹತ್ತಿರ ಇದ್ದದ್ದರಿಂದ ಓಡಿ ಹೊರಗೆ ಬಂದ. ಒಳಗೆ ವಾಲ್ವ್ ತಿರುಗಿಸುತ್ತಿದ್ದ ತೋಟದ ಅಣ್ಣ ತಡವಾಗಿ ಹೊರಗೆ ಬಂದರು. ಕೆಮ್ಮು ನಿಲ್ಲಲಿಲ್ಲ, ಕಣ್ಣು ತೆರೆಯಲಾಗಲಿಲ್ಲ. ಭಾವ ಅವರನ್ನು ಎತ್ತರದ ಕಡೆ, ಗಾಳಿ ಬೀಸುವ ಜಾಗಕ್ಕೆ ಕರೆದುಕೊಂಡು ಹೋಗಿ ಕೂರಿಸಿ, ಕಣ್ಣಿಗೆ ನೀರು ಹಾಕಿ ತೊಳೆದು, ನೇರ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಆಕ್ಸಿಜನ್ ಕೊಟ್ಟು ರಾತ್ರಿಯೆಲ್ಲ ಇಟ್ಟುಕೊಂಡರು.

ಈ ಹೊಗೆ ಜಾಸ್ತಿ ಕುಡಿದವರಿಗೆ ಮೊದಲು ಸುಧಾರಿಸಿದಂತೆ ಕಂಡರೂ, ಗಂಟೆಗಳು ಕಳೆದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಆದ್ದರಿಂದ "ಈಗ ಪರವಾಗಿಲ್ಲ ಬಿಡಿ" ಅಂತ ಮನೆಯಲ್ಲೇ ಇಟ್ಟುಕೊಳ್ಳಬೇಡಿ. 108ಕ್ಕೆ ಫೋನ್ ಮಾಡಿ. ಹೊಗೆ ತುಂಬಿದ ತಗ್ಗಿಗೆ ಯಾರನ್ನೋ ಎತ್ತಿಕೊಂಡು ಬರಲು ನೀವೇ ಸುಮ್ನೆ ಇಳಿಯಬೇಡಿ, ಇಬ್ಬರೂ ಬೀಳುತ್ತೀರಿ. ಇನ್ನೊಂದು ಮಾತು: ಟಿಸಿಸಿಎ ಅಂತ ಮಾರುವ ಕ್ಲೋರಿನ್ ಮಾತ್ರೆಯನ್ನೂ ಬ್ಲೀಚಿಂಗ್ ಪೌಡರನ್ನೂ ಒಂದೇ ಡಬ್ಬದಲ್ಲಿ, ಒಂದೇ ಬಕೆಟ್‌ನಲ್ಲಿ ಬೆರೆಸಬಾರದು. ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಎರಡರ ಹೆಸರಲ್ಲೂ ಕ್ಲೋರಿನ್ ಇದೆ ಅಂತ ಒಂದೇ ವಸ್ತು ಅಂದುಕೊಳ್ಳುತ್ತಾರೆ. ಆಸಿಡ್ ತೆಳು ಮಾಡುವಾಗಲೂ ಅಷ್ಟೇ, ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಹಾಕಬಾರದು.

ಆಮೇಲೆ ಭಾವ ಬೇರೊಬ್ಬ ಹಿರಿಯ ಮೆಕ್ಯಾನಿಕ್ ಅವರನ್ನು ಕರೆಸಿದರು. ಅವರು ಔಷಧಿ ಡಬ್ಬಗಳನ್ನು ಮುಟ್ಟಲೇ ಇಲ್ಲ, ಮೊದಲು ಫಿಲ್ಟರ್ ನೋಡಿದರು. ಮರಳಿನ ಫಿಲ್ಟರ್ ಮೇಲೆ ಒಂದು ಹಿಡಿಕೆ ಇರುತ್ತದೆ, ಅದು ರೀಸರ್ಕ್ಯುಲೇಟ್ ಕಡೆಗೆ ನಿಂತಿತ್ತು. ಹಾಗಿದ್ದರೆ ನೀರು ಮರಳಿನೊಳಗೆ ಹೋಗದೆ ಸುಮ್ನೆ ಸುತ್ತುತ್ತದೆ. ಹಿಂದಿನ ಸಲ ಸರ್ವಿಸ್‌ಗೆ ಬಂದವರು ಹಾಗೇ ಬಿಟ್ಟು ಹೋಗಿದ್ದರು. ಅಂದರೆ ಪಂಪ್ ಶಬ್ದ ಮಾಡುತ್ತಿತ್ತು, ಕರೆಂಟ್ ಬಿಲ್ ಏರುತ್ತಿತ್ತು, ನೀರು ಮಾತ್ರ ಶೋಧಿಸುತ್ತಿರಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಬರುವುದು ಇದಕ್ಕೆ. ಆ ಹುಡುಗನ ಮೇಲೆ ಅಷ್ಟಲ್ಲ, ಏನೂ ಕಲಿಸದೆ, ಕೈಗವಸು, ಕನ್ನಡಕ ಕೂಡ ಕೊಡದೆ ಅವನ ಕೈಗೆ ಆಸಿಡ್ ಕ್ಯಾನ್ ಕೊಟ್ಟು ಕಳಿಸಿದವರ ಮೇಲೆ.

ಮುಚ್ಚಳ ತೆಗೆದರೆ ಮರಳು ಸುಣ್ಣ ಹಿಡಿದು ಹೆಂಟೆಯಾಗಿತ್ತು. ಅಂಥ ಮರಳಿನಲ್ಲಿ ನೀರು ಬಿರುಕಿನ ದಾರಿ ಮಾಡಿಕೊಂಡು ಹಾಗೇ ಜಾರಿ ಹೋಗುತ್ತದೆ. ಹೊಸ ಮರಳು ತುಂಬಿದರು. ಬಿಸಿಲಿಗೆ ಬಿಟ್ಟು ಕ್ಲೋರಿನ್ ಇಳಿಯುವವರೆಗೆ ಕಾದರು, ಯಾಕಂದರೆ ಅಷ್ಟು ಕ್ಲೋರಿನ್ ಇದ್ದರೆ ಪಿಎಚ್ ನೋಡುವ ಕೆಂಪು ದ್ರಾವಣದ ಬಣ್ಣವೇ ತಪ್ಪು ತೋರಿಸುತ್ತದೆ. ಆಮೇಲೆ ಚೆನ್ನಾಗಿ ತೆಳು ಮಾಡಿದ ಆಸಿಡನ್ನು ಸ್ವಲ್ಪ ಸ್ವಲ್ಪವೇ ಹಾಕಿ ಪಿಎಚ್ 7.2ರಿಂದ 7.6ರ ಒಳಗೆ ತಂದರು. ಅದಾದ ಮೇಲೆ ಪಟಿಕ, ಪಂಪ್ ನಿಲ್ಲಿಸಿ, ರಾತ್ರಿ. ಬೆಳಿಗ್ಗೆ ತಳದಲ್ಲಿ ಕೂತಿದ್ದ ಕೆಸರನ್ನು ವ್ಯಾಕ್ಯೂಮ್‌ನಿಂದ ಎಳೆದು, ಫಿಲ್ಟರ್‌ಗೆ ಬಿಡದೆ ನೇರ ಹೊರಗೆ ಹಾಕಿದರು. ಸ್ವಲ್ಪ ನೀರು ಹೋಯಿತು, ಅದರ ಜಾಗಕ್ಕೆ ಸಂಪಿನಲ್ಲಿದ್ದ ಮಳೆ ನೀರು ಬಿಟ್ಟೆವು. ಮಳೆ ನೀರಿನಲ್ಲಿ ಗಡಸುತನ ಇಲ್ಲ. ನಮ್ಮ ಜಿಲ್ಲೆಯಲ್ಲಿ ಪೂಲ್ ಇಟ್ಟುಕೊಳ್ಳುವವರು ಮಾಳಿಗೆ ನೀರು ಹಿಡಿಯುವ ವ್ಯವಸ್ಥೆ ಮಾಡಿಕೊಳ್ಳದೆ ಬೋರ್ ಮೇಲೆ ಭಾರ ಹಾಕುವುದು ಸರಿಯಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ.

ಕೆಲಸಕ್ಕೆ ಬರುವವರನ್ನು ಒಳಗೆ ಬಿಡುವ ಮೊದಲು ಕೇಳಿ: ಟೆಸ್ಟ್ ಕಿಟ್ ತಂದಿದ್ದೀರಾ? ಪಿಎಚ್ ಎಷ್ಟಿದೆ, ನನಗೂ ತೋರಿಸಿ. ಫಿಲ್ಟರ್‌ನ ಪ್ರೆಶರ್ ಎಷ್ಟಿದೆ? ಶುಚಿಯಾಗಿದ್ದಾಗ ಇದ್ದದ್ದಕ್ಕಿಂತ 8ರಿಂದ 10 ಪಿಎಸ್‌ಐ ಏರಿದ್ದರೆ ಬ್ಯಾಕ್‌ವಾಶ್ ಮಾಡಬೇಕು, ಅಂದರೆ ನೀರನ್ನು ಹಿಮ್ಮುಖವಾಗಿ ಹರಿಸಿ ಮರಳು ತೊಳೆಯಬೇಕು. ಇದಕ್ಕೆ ಉತ್ತರ ಕೊಡದೆ ಪುಡಿ ಚೀಲ ಬಿಚ್ಚುವವರನ್ನು ವಾಪಸ್ ಕಳಿಸಿ. ಬೇಜಾರಾದರೆ ಆಗಲಿ.

ಇನ್ನು ಮಕ್ಕಳ ವಿಷಯ. ನೀರು ಮಸುಕಾಗಿರುವಾಗ "ಸ್ವಲ್ಪ ಹೊತ್ತು ಆಡಲಿ ಬಿಡಿ" ಅಂತ ಆ ಹುಡುಗನೇ ಹೇಳಿದ್ದ. ಅಕ್ಕ ಬಿಡಲಿಲ್ಲ, ಪುಣ್ಯ. ಕ್ಲೋರಿನ್ ಅಷ್ಟಿತ್ತು ಅನ್ನುವುದು ಒಂದು ಕಡೆ. ಅದಕ್ಕಿಂತ ಮುಖ್ಯವಾಗಿ, ಮಗು ಮುಳುಗಿದರೆ ಮೇಲಿನಿಂದ ಕಾಣುವುದಿಲ್ಲ. ಆಳದ ತುದಿಯ ತಳದಲ್ಲಿರುವ ಡ್ರೈನ್ ಜಾಲರಿ ದಡದಲ್ಲಿ ನಿಂತವರಿಗೆ ಸ್ಪಷ್ಟವಾಗಿ ಕಾಣದಿದ್ದರೆ ಯಾರೂ ಇಳಿಯಬಾರದು. ಈಜು ಬರುವ ದೊಡ್ಡವರೂ ಇಳಿಯಬಾರದು.

ಹೊರಗೆ ಹಾಕುವ ನೀರಿನ ಬಗ್ಗೆಯೂ ಹೇಳಿಬಿಡುತ್ತೇನೆ. ಆ ಸಂಸ್ಥೆಯವರು ನೀರನ್ನೆಲ್ಲ ಪಕ್ಕದ ಕಾಲುವೆಗೆ ಬಿಡಿ ಅಂದಿದ್ದರು. ಆ ಕಾಲುವೆ ಹೋಗಿ ಸೇರುವುದು ಊರ ಕೆರೆಗೆ. ಮೈಲುತುತ್ತದ ತಾಮ್ರ ಮೀನಿಗೆ ವಿಷ, ಕ್ಲೋರಿನ್ ಕೂಡ ಅಷ್ಟೇ. ಭಾವ ಒಪ್ಪಲಿಲ್ಲ. ತೆಗೆದ ನೀರನ್ನು ಬೆಳೆ ಇಲ್ಲದ, ಕೆರೆಗೂ ಬೋರ್‌ವೆಲ್‌ಗೂ ದೂರವಿರುವ ಒಣ ಜಾಗದಲ್ಲಿ ಬದು ಹಾಕಿಸಿ ಇಂಗಿಸಿದರು. ನೀವೂ ಕಾಲುವೆಗೆ ಬಿಡಬೇಡಿ.