ಹತ್ತಿ ನೋಟೋ, ಪಾಲಿಮರ್ ನೋಟೋ?

ಕಾಗದದ ನೋಟು ಅಂತೀವಿ, ನಿಜಕ್ಕೂ ಅದು ಹತ್ತಿ ನಾರಿನದು. ಬೆವರು, ಎಣ್ಣೆ, ಮಳೆನೀರು ಎಲ್ಲವನ್ನೂ ಹೀರಿಕೊಳ್ಳುತ್ತದೆ. ಮೀನಂಗಡಿಯಿಂದ ಚಿಲ್ಲರೆಯಾಗಿ ಬಂದ ಹತ್ತರ ನೋಟನ್ನು ಒಮ್ಮೆ ಮೂಸಿ ನೋಡಿ, ಗೊತ್ತಾಗುತ್ತದೆ. ಪಾಲಿಮರ್ ಅಂದರೆ ತೆಳು ಪ್ಲಾಸ್ಟಿಕ್, ಅದು ಹೀರುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆಯಿತು.

ಆಸ್ಟ್ರೇಲಿಯಾ ಇದಕ್ಕೆ ಕೈ ಹಾಕಿದ್ದು ಮಾತ್ರ ಕೊಳೆಗೆ ಹೆದರಿ ಅಲ್ಲ, ಖೋಟಾ ನೋಟಿಗೆ ಹೆದರಿ. 1966ರಲ್ಲಿ ಹೊಸ ಹತ್ತು ಡಾಲರ್ ನೋಟು ಬಂದ ವರ್ಷವೇ ಅದರ ನಕಲೂ ಬಂತು. ಅಲ್ಲಿನ ರಿಸರ್ವ್ ಬ್ಯಾಂಕ್ ವಿಜ್ಞಾನಿಗಳ ಜೊತೆ ಕೂತು ಎರಡು ದಶಕ ದುಡಿಯಿತು. 1988ಕ್ಕೆ ಮೊದಲ ಪಾಲಿಮರ್ ನೋಟು, 1996ರ ಹೊತ್ತಿಗೆ ಎಲ್ಲ ನೋಟುಗಳೂ ಪಾಲಿಮರ್. ಅದರ ಪಾರದರ್ಶಕ ಕಿಟಕಿಯ ಹಿಂದೆ ಬೆರಳಿಟ್ಟರೆ ಬೆರಳು ಕಾಣುತ್ತದೆ. ಯಾವ ಜೆರಾಕ್ಸ್ ಯಂತ್ರಕ್ಕೂ ಅದು ಸಾಧ್ಯವಿಲ್ಲ.

ಹಾಗಂತ ದೋಷವಿಲ್ಲವೇ? ಇದೆ. ಮಡಿಸಿದರೆ ಪುಟಿದೇಳುತ್ತದೆ, ಹೊಸ ಕಟ್ಟು ಎಣಿಸುವಾಗ ಜಾರುತ್ತದೆ. ಅಂಚು ಒಮ್ಮೆ ಹರಿದರೆ ಸರ್ರನೆ ಸೀಳುತ್ತದೆ. ಬಿಸಿ ಇಸ್ತ್ರಿಗೆ ಸುರುಟಿಕೊಳ್ಳುತ್ತದೆ. ಮುದ್ರಣದ ಖರ್ಚೂ ಹೆಚ್ಚು, ಆದರೆ ಕಾಗದದ ಎರಡೂವರೆ ಪಟ್ಟು ಬಾಳುತ್ತದೆ ಎನ್ನುತ್ತದೆ ಬ್ಯಾಂಕ್ ಆಫ್ ಇಂಗ್ಲೆಂಡ್. ಅಲ್ಲಿ 2016ರ ಐದು ಪೌಂಡ್ ನೋಟಿನಲ್ಲಿ ಪ್ರಾಣಿಕೊಬ್ಬಿನ ಅಂಶ ಸಿಕ್ಕಿ ಹಿಂದೂಗಳು, ಸಸ್ಯಾಹಾರಿಗಳು ನೊಂದುಕೊಂಡರು. ಆ ನೋವು ಸಣ್ಣದಲ್ಲ. ನಮ್ಮಲ್ಲಿ ಮೊದಲೇ ವಿಚಾರಿಸಬೇಕಾದ ಪ್ರಶ್ನೆ ಅದು.

ನನ್ನ ಆಯ್ಕೆ: ಕೈಯಿಂದ ಕೈಗೆ ದಿನವಿಡೀ ಓಡುವ ಹತ್ತು, ಇಪ್ಪತ್ತರ ನೋಟಿಗೆ ಪಾಲಿಮರ್, ಬೀರುವಿನಲ್ಲಿ ಕೂರುವ ಐನೂರಕ್ಕೆ ಹತ್ತಿಯೇ ಸಾಕು. ಹತ್ತು ರೂಪಾಯಿಯ ಪ್ಲಾಸ್ಟಿಕ್ ನೋಟಿನ ಪ್ರಯೋಗಕ್ಕೆ ಸರ್ಕಾರ ಹಿಂದೆ ಹೆಸರಿಸಿದ ಐದು ನಗರಗಳಲ್ಲಿ ಮೈಸೂರೂ ಇತ್ತು. ನೋಟಿನ ಕಾಗದ ತಯಾರಿಸುವ ಕಾರ್ಖಾನೆಯೊಂದು ಇರುವುದೂ ಅದೇ ಮೈಸೂರಿನಲ್ಲಿ.