ಟ್ರೈಮಿಕ್ಸ್ 18/45: ಎಂಟು ವರ್ಷ ಉಸಿರಾಡಿದ ಮೇಲೆ ಬರೀತಿದ್ದೇನೆ

ಟ್ರೈಮಿಕ್ಸ್ ಅಂದ್ರೆ ಸಮುದ್ರದಲ್ಲಿ ತುಂಬಾ ಆಳಕ್ಕೆ ಡೈವ್ ಮಾಡುವವರು ಸಿಲಿಂಡರಲ್ಲಿ ಕೊಂಡುಹೋಗುವ, ಹೀಲಿಯಂ ಬೆರೆಸಿದ ಉಸಿರಾಟದ ಗ್ಯಾಸ್. ಮೊದಲೇ ಹೇಳ್ತೇನೆ, 40 ಮೀಟರ್ ಒಳಗೇ ಮೀನು ನೋಡಿ ಬರುವವರಿಗೆ ಇದು ಬೇಡವೇ ಬೇಡ, ದುಡ್ಡು ದಂಡ.

ನಾನು ಕುಂಬಳೆಯವ, ಕೆಲಸ ದುಬಾಯಲ್ಲಿ, ರಜೆ ಸಿಕ್ಕಿದ್ರೆ ಈಜಿಪ್ಟಿನ ದಹಬ್. ಅಲ್ಲಿ ಬ್ಲೂ ಹೋಲ್ ಅಂತ ಸಮುದ್ರದ ಆಳ ಗುಂಡಿ ಉಂಟು, ಅದರ ಕಲ್ಲಿನ ಕಮಾನು ಶುರುವಾಗುದೇ ಸುಮಾರು 55 ಮೀಟರಲ್ಲಿ. ಹಿಂದೊಮ್ಮೆ ಬರೀ ಗಾಳಿಯಲ್ಲಿ 50ಕ್ಕೆ ಇಳಿದಿದ್ದೆ, ಸಿಲಿಂಡರಿನ ಗೇಜ್ ನೋಡಿದೆ, 110 ಬಾರ್, ಕೈ ಇಳಿಸಿದೆ, ಎಷ್ಟಿತ್ತು ಅಂತ ಮರ್ತೇ ಹೋಯ್ತು, ಪುನಃ ನೋಡಿದೆ, ಪುನಃ ಮರ್ತೆ, ಅದರ ಮೇಲೆ ಕಳ್ಳು ಕುಡಿದವನ ಹಾಗೆ ನಗು ಬೇರೆ. ಆಳದ ಒತ್ತಡದಲ್ಲಿ ಗಾಳಿಯ ನೈಟ್ರೋಜನ್ ತಲೆಗೆ ಹತ್ತುದು, ನೈಟ್ರೋಜನ್ ಅಮಲು ಅಂದ್ರೆ ಅದು ಮಾರಾಯ್ರೆ.

18/45 ಅಂದ್ರೆ 18 ಪರ್ಸೆಂಟ್ ಆಕ್ಸಿಜನ್, 45 ಹೀಲಿಯಂ, ಉಳಿದ 37 ನೈಟ್ರೋಜನ್. 60 ಮೀಟರಲ್ಲಿ 7 ಬಾರ್ ಒತ್ತಡ ಇದ್ರೂ ಅಮಲು ಗಾಳಿಯಲ್ಲಿ 30 ಮೀಟರ್ ಒಳಗೆ ಆಗುವಷ್ಟೇ. ಉಸಿರೂ ಹಗುರ. ಅಷ್ಟು ಕೆಳಗೆ ಗಾಳಿ ಲೀಟರಿಗೆ ಎಂಟೊಂಬತ್ತು ಗ್ರಾಂ ತೂಗ್ತದೆ, ಎಳಿಲಿಕ್ಕೆ ಭಾರ, ಮೈಯಲ್ಲಿ ಕಾರ್ಬನ್ ಡೈಆಕ್ಸೈಡ್ ನಿಲ್ತದೆ. 18/45 ಆದ್ರೆ ಐದೂವರೆ ಗ್ರಾಂ ಆಸುಪಾಸು. ನನಗೆ ಅಮಲಿಗಿಂತಲೂ ಇದೇ ದೊಡ್ಡ ಲಾಭ ಅನಿಸಿದ್ದು.

ಅಮ್ಮ ಮಾತ್ರ ಈಗಲೂ ಕೇಳ್ತಾರೆ, “ಕುಂಬಳೆ ಬೆಡಿ ಜಾತ್ರೆಗೆ ಬಲೂನಿಗೆ ತುಂಬಿಸ್ತಾರಲ್ಲ, ಅದನ್ನಾ ನೀನು ಉಸಿರಾಡುದು?”

ಬೇಜಾರಿನ ವಿಷಯ ಬಿಲ್ಲು. 12 ಲೀಟರಿನ ಜೋಡಿ ಸಿಲಿಂಡರ್ 200 ಬಾರ್ ತುಂಬಿಸಿದ್ರೆ ಹೀಲಿಯಮ್ಮೇ 2160 ಲೀಟರ್, ರೇಟು ಲೀಟರ್ ಲೆಕ್ಕದಲ್ಲಿ, ಆಮೇಲೆ ಎಲ್ಲಾ ಗುಳ್ಳೆಯಾಗಿ ಹೋಯ್ತು. ಇದಕ್ಕೇ ಸುಮಾರು ಜನ ಬಿಟ್ಟ ಉಸಿರನ್ನೇ ಶುದ್ಧ ಮಾಡಿ ಪುನಃ ಕೊಡುವ ರೀಬ್ರೀದರ್ ತಗೊಂಡದ್ದು, ನನಗೆ ಅಷ್ಟು ಗತಿ ಇಲ್ಲ. 2017ರಲ್ಲಿ ಕತಾರಿಗೆ ನೆರೆಯವರು ಗಡಿ ಬಂದ್ ಮಾಡಿ ಅಲ್ಲಿನ ಹೀಲಿಯಂ ಪ್ಲಾಂಟ್‌ಗಳು ನಿಂತದ್ದು ನೆನಪುಂಟಲ್ಲ, ಎಲ್ಲೋ ಏನೋ ಆದ್ರೆ ಸಪ್ಲೈ ನಿಲ್ತದೆ, ಹಾಗೆ ಆಗ್ತದೆ ಈ ಗ್ಯಾಸಿನ ಕಥೆ. ಇನ್ನೊಂದು, ಡ್ರೈಸೂಟಿಗೆ (ನೀರು ಒಳಗೆ ಬಾರದ ಡೈವಿಂಗ್ ಉಡುಪಿಗೆ) ಇದನ್ನೇ ತುಂಬಿಸ್ಬೇಡಿ, ಹೀಲಿಯಂ ಗಾಳಿಗಿಂತ ಸುಮಾರು ಆರು ಪಟ್ಟು ಬೇಗ ಶಾಖ ಎಳೀತದೆ, ನಾನೊಮ್ಮೆ ಉದಾಸೀನದಲ್ಲಿ ಹಾಗೆ ಮಾಡಿ ಮೇಲೆ ಬರುವಾಗ ಮೈಯೊಳಗಿನ ಗ್ಯಾಸ್ ಹೊರಗೆ ಹೋಗ್ಲಿಕ್ಕೆ ಕಾಯುವ 6 ಮೀಟರಿನ ಡೆಕೋ ಸ್ಟಾಪಲ್ಲಿ ಹಲ್ಲು ಕಟಕಟ ಮಾಡ್ತಾ ನಿಂತಿದ್ದೆ, ಗಡಿಯಾರ ಮುಂದೆ ಹೋಗುದೇ ಇಲ್ಲ. ಕೋರ್ಸ್ ಮಾಡದವರು ಮುಟ್ಟುದೇ ಬೇಡ.

ಒಂದ್ಸಲ ಒಂದು ಅಂಗಡಿಯವ ತುಂಬಿಸಿ ಕೊಟ್ಟ, ಟೇಪಲ್ಲಿ ಚಂದ ಮಾಡಿ 18/45 ಅಂತ ಬರೆದಿದ್ದ, ಅವನದ್ದೇ ಅನಲೈಸರಲ್ಲಿ ಇಟ್ಟು ನೋಡಿದ್ರೆ ಹೀಲಿಯಂ 36. ಕೇಳಿದ್ರೆ “ಎಲ್ಲಾ ಒಂದೇ” ಅಂದ. ಒಂದೇ ಎಂತದು, ಡೆಕೋ ಪ್ಲಾನ್ ಪೂರ್ತಿ ಬದಲಾಗ್ತದೆ. ಅವತ್ತು 45 ಮೀಟರಿಗೇ ತಿರುಗಿ ಬಂದೆವು. ಆಮೇಲಿಂದ ನನ್ನದೇ ಅನಲೈಸರ್ ಬ್ಯಾಗಲ್ಲಿರ್ತದೆ, ಏರ್‌ಪೋರ್ಟಲ್ಲಿ ಪ್ರತಿಸಲ ಹೊರಗೆ ತೆಗೆಸಿ ಇದೆಂತ ಅಂತ ಕೇಳ್ತಾರೆ.