ಬೆಟ್ಟದ ನೆತ್ತಿಯಲ್ಲಿ ಕೇಳಿದ ವಾಕಿಟಾಕಿಯನ್ನು ಕಮರಿಯಲ್ಲಿ ನಂಬಬೇಡಿ

ವಾಕಿಟಾಕಿಯ ಭರವಸೆಯ ಮೇಲೆ ಕಾಡುಗುಡ್ಡಗಳಿಗೆ ಹೊರಡುವವರು ದಯವಿಟ್ಟು ಇದನ್ನು ಓದಬೇಕು. ಮೊಬೈಲ್ ಸಿಗದ ಜಾಗವೆಂದು ತಿಳಿದೇ ನಾವು ಎರಡು ಸೆಟ್‌ಗಳನ್ನು ಒಯ್ದಿದ್ದೆವು. ಒಂದು ಬಿಡಾರದಲ್ಲಿ, ಇನ್ನೊಂದು ನಡೆಯಲು ಹೊರಟ ನಾಲ್ವರ ಬಳಿ. ಎರಡೂ ಕಡೆ ಹವ್ಯಾಸಿ ರೇಡಿಯೊ ಪರವಾನಗಿ ಇದ್ದವರೇ ಇದ್ದರು. ಸೆಟ್ ಕೆಡಲಿಲ್ಲ, ಬ್ಯಾಟರಿ ಮುಗಿಯಲಿಲ್ಲ. ಆದರೂ ಪಾದದ ಕೀಲಿನ ಬಳಿ ಮೂಳೆ ಮುರಿದುಕೊಂಡ ಗೆಳೆಯ ಸಹಾಯಕ್ಕಾಗಿ ನಾಲ್ಕು ಗಂಟೆ ಮಳೆಯಲ್ಲಿ ಕಾಯಬೇಕಾಯಿತು.

ತಪ್ಪು ಬೆಳಗ್ಗೆಯೇ ನಡೆದಿತ್ತು. ಆರೂವರೆಗೆ ನೆತ್ತಿಯ ಮೇಲೆ ನಿಂತು, ಎದುರಿನ ಬೆಟ್ಟಸಾಲಿನ ಆಚೆಗಿದ್ದ ಬಿಡಾರವನ್ನು ಕರೆದಾಗ ದನಿ ಪಕ್ಕದಲ್ಲೇ ನಿಂತು ಆಡಿದಷ್ಟು ಸ್ಪಷ್ಟವಾಗಿತ್ತು. ಕೆಳಗೆ ಕಣಿವೆಯ ತುಂಬ ಮಂಜು ಅಲುಗದೆ ನಿಂತಿತ್ತು. ರಾತ್ರಿ ತಣಿದ ಗಾಳಿ ತಗ್ಗಿನಲ್ಲಿ ಕುಳಿತು ಅದರ ಮೇಲೆ ಬೆಚ್ಚನೆಯ ಗಾಳಿ ಹಾಸಿಕೊಂಡಾಗ, ಮೇಲಕ್ಕೆ ಹೊರಟುಹೋಗಬೇಕಾದ ಅಲೆಗಳು ಆ ಪದರದಲ್ಲಿ ನೆಲದ ಕಡೆಗೆ ಬಾಗಿ ಎಂದೂ ತಲುಪದ ಕಡೆಯನ್ನೂ ತಲುಪುವುದುಂಟು. ಬಿಸಿಲೇರಿದಂತೆ ಆ ಪದರ ಚದುರುತ್ತದೆ. ಹತ್ತು ಗಂಟೆಗೆ ಇನ್ನೊಮ್ಮೆ ಕರೆದಿದ್ದರೆ ನಮಗೆ ಅನುಮಾನವಾದರೂ ಬರುತ್ತಿತ್ತು. ನಾವು ಕರೆಯಲಿಲ್ಲ.

ಮಧ್ಯಾಹ್ನ ಕಮರಿಗಿಳಿದು ಹಳ್ಳ ದಾಟುವಾಗ ಗೆಳೆಯ ಪಾಚಿಗಲ್ಲಿನ ಮೇಲೆ ಜಾರಿದ. ಕರೆದರೆ ಬರಿಯ ಸುಯ್ಯೆನ್ನುವ ಸದ್ದು. ಅಷ್ಟರಲ್ಲಿ ಮಳೆ ಹಿಡಿದಿತ್ತು. ಮಳೆ ನಿಂತರೆ ಸಿಗ್ನಲ್ ಸಿಗುತ್ತದೆಂದು ಬಂಡೆಯ ಮರೆಯಲ್ಲಿ ಎರಡು ಗಂಟೆ ಕುಳಿತೆವು. ಈ ಎರಡು ಗಂಟೆಯ ಬಗ್ಗೆ ನನಗೆ ಇಂದಿಗೂ ಸಂಕಟವಿದೆ, ಏಕೆಂದರೆ ಮಳೆ ಅಲ್ಲಿ ನಿರಪರಾಧಿ. ನಮ್ಮ ಸೆಟ್‌ಗಳು ಬಳಸುವ 145 ಮೆಗಾಹರ್ಟ್ಸ್‌ನ ತರಂಗಾಂತರ ಸುಮಾರು 2 ಮೀಟರ್. ಕೆಲವೇ ಮಿಲಿಮೀಟರ್ ಗಾತ್ರದ ಹನಿಗಳು ಅಂಥ ಅಲೆಯನ್ನು ತಡೆಯಲಾರವು. ಮಳೆ ನಿಜವಾಗಿ ನುಂಗುವುದು 10 ಗಿಗಾಹರ್ಟ್ಸ್ ಮೇಲಿನ ಅಲೆಗಳನ್ನು. ಜಡಿಮಳೆಯಲ್ಲಿ ಡಿಶ್ ಟಿವಿಯ ಚಿತ್ರ ನಿಲ್ಲುವುದು ಅದಕ್ಕಾಗಿಯೇ. ತೋಯ್ದ ದಟ್ಟ ಎಲೆಗಳು ಸ್ವಲ್ಪ ಹೀರಿಕೊಳ್ಳುತ್ತವೆ, 430 ಮೆಗಾಹರ್ಟ್ಸ್‌ನಂಥ ಇನ್ನೂ ಹೆಚ್ಚಿನ ಆವರ್ತನದಲ್ಲಿ ಇನ್ನಷ್ಟು.

ನಮ್ಮನ್ನು ತಡೆದದ್ದು ಗುಡ್ಡ. ಈ ಅಲೆಗಳು ಬಹುಮಟ್ಟಿಗೆ ನೇರವಾಗಿ ಸಾಗುತ್ತವೆ. ಬೆಟ್ಟದ ಅಂಚಿನಲ್ಲಿ ತುಸು ಬಾಗಿ ಆಚೆಗಿಳಿದರೂ, ಗೋಡೆಯಂಥ ಇಳಿಜಾರಿನ ಬುಡಕ್ಕೆ ಅಂಟಿಕೊಂಡಷ್ಟೂ ನೆರಳು ದಟ್ಟವಾಗುತ್ತದೆ. ಕೊನೆಗೆ ನಾನು ಸೆಟ್ ಹಿಡಿದು ಎದುರು ದಂಡೆ ಹತ್ತಿದೆ. ಬಹಳ ಹೊತ್ತು ಏನೂ ಇಲ್ಲ. ಬೆಟ್ಟಸಾಲಿನ ನಡುವಿನ ತಗ್ಗು ಕಣ್ಣಿಗೆ ಬಿದ್ದ ಜಾಗದಲ್ಲಿ ಮಾತಿನ ಚೂರುಗಳು ಬಂದವು. ಇನ್ನೂ ಹತ್ತು ಹೆಜ್ಜೆ ಏರಿ, ಆಂಟೆನಾವನ್ನು ನೆಟ್ಟಗೆ ತಲೆಯ ಮೇಲೆತ್ತಿದಾಗ ಇಡೀ ವಾಕ್ಯ ಕೇಳಿತು. ಆಗಲೂ ಮಳೆ ಅಷ್ಟೇ ಜೋರಾಗಿ ಸುರಿಯುತ್ತಿತ್ತು.

ಪೆಟ್ಟಿಗೆಯ ಮೇಲೆ ಬರೆದ ಕಿಲೋಮೀಟರುಗಳನ್ನು ನಂಬಿ ಹೊರಡಬೇಡಿ. ತಲಾ ಒಂದೂವರೆ ಮೀಟರ್ ಎತ್ತರದಲ್ಲಿ ಸೆಟ್ ಹಿಡಿದ ಇಬ್ಬರಿಗೆ ಅಡೆತಡೆಯಿಲ್ಲದ ಬಯಲಿನಲ್ಲೇ ರೇಡಿಯೊ ದಿಗಂತ, ಅಂದರೆ ಭೂಮಿಯ ಬಾಗು ಅಡ್ಡ ಬರುವ ಮುನ್ನ ಅಲೆ ತಲುಪಬಹುದಾದ ದೂರ, ಸುಮಾರು 10 ಕಿಲೋಮೀಟರ್. ಒಬ್ಬರು ಆ ಬಯಲಿಗಿಂತ 400 ಮೀಟರ್ ಮೇಲೇರಿದರೆ ಅದೇ ಲೆಕ್ಕ 80 ಕಿಲೋಮೀಟರ್ ದಾಟುತ್ತದೆ. ಕಮರಿಯಲ್ಲಿ ಒಂದು ಕಿಲೋಮೀಟರ್ ಕೂಡ ಖಾತ್ರಿಯಿಲ್ಲ.

ಆದ್ದರಿಂದ ಪರೀಕ್ಷೆಯನ್ನು ನೆತ್ತಿಯಲ್ಲಲ್ಲ, ದಾರಿಯ ಅತಿ ತಗ್ಗಿನ ಜಾಗದಲ್ಲಿ, ಬಿಸಿಲೇರಿದ ಮೇಲೆ ಮಾಡಿ. ಯಾವ ಹೊತ್ತಿಗೆ ಯಾವ ದಿಬ್ಬದಿಂದ ಕರೆಯುತ್ತೀರಿ, ಆ ಕರೆ ಬಾರದಿದ್ದರೆ ಬಿಡಾರದವರು ಎಷ್ಟು ಹೊತ್ತಿಗೆ ಹುಡುಕಲು ಹೊರಡಬೇಕು ಎಂಬುದನ್ನು ಹೊರಡುವ ಮುನ್ನವೇ ಬರೆದಿಟ್ಟುಕೊಳ್ಳಿ. ಉಪಗ್ರಹಕ್ಕೆ ಸಂಕೇತ ಕಳಿಸುವ 406 ಮೆಗಾಹರ್ಟ್ಸ್‌ನ ತುರ್ತು ಬೀಕನ್ ಒಯ್ಯುವುದಾದರೂ, ಅದನ್ನು ಬಂಡೆಯ ಮರೆಯಲ್ಲಿಡದೆ ಆಕಾಶ ಆದಷ್ಟು ತೆರೆದು ಕಾಣುವ ಕಡೆ ಇಡಿ.